ಒಂಬತ್ತನೇ ಚಾನೆಲ್

ಸತ್ತವರು ಯಂತ್ರದಲ್ಲಿ ಕಾಣಿಸಿಕೊಂಡರು ಎನ್ನುವವರನ್ನು ನಾನು ಎದುರಿಗೇ ಜರೆಯುತ್ತಿದ್ದೆ. ಎಲೆಕ್ಟ್ರಾನಿಕ್ಸ್ ಓದಿದವನು ನಾನು. ಸಂಕೇತವಿದ್ದರೆ ಅದಕ್ಕೊಂದು ಮೂಲ ಇರಲೇಬೇಕು ಎಂದು ದೃಢವಾಗಿ ನಂಬಿದ್ದೆ. ಆದ್ದರಿಂದ ಈ ಅನುಭವದ ಕೊನೆಯ ಭಾಗವನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಮೊದಲ ಭಾಗವನ್ನು ಮಾತ್ರ ನಂಬಲೇಬೇಕು. ಅದರಲ್ಲಿ ವಿಚಿತ್ರವೇನೂ ಇಲ್ಲ.

ಕೆಲವು ವರ್ಷಗಳ ಹಿಂದೆ ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯವರು ನನ್ನನ್ನು ಮಸ್ಕಿಯಿಂದ ಕರೆಸಿದರು. ಅಲ್ಲಿನ ಐಸಿಯು ಮಾನಿಟರ್‌ಗಳು ರೋಗಿಯ ನಾಡಿಯನ್ನೂ ಅಪಾಯದ ಸದ್ದನ್ನೂ ವೈಫೈ ಮೂಲಕ ನರ್ಸ್‌ಗಳ ಕಂಪ್ಯೂಟರಿಗೆ ಕಳಿಸುತ್ತಿದ್ದವು. ನಾನು ಹೋಗುವ ಕೆಲವು ದಿನ ಮೊದಲು, ಅಲ್ಲಿದ್ದ ಗುರುಗುಂಟಾದ ರೋಗಿ ಹುಲಿಗೆಮ್ಮನ ಉಸಿರು ನಿಲ್ಲುತ್ತಿದ್ದಾಗ ಆ ಸದ್ದು ಮುಚ್ಚಿದ ಗಾಜಿನ ಬಾಗಿಲು ದಾಟಲಿಲ್ಲ, ಕಂಪ್ಯೂಟರನ್ನೂ ತಲುಪಲಿಲ್ಲ. ಆಕೆ ತೀರಿಕೊಂಡಳು. ಅಂದು ಪಾಳಿಯಲ್ಲಿದ್ದ ಸಾಲಗುಂದದ ನರ್ಸ್ ಶಾಹೀನ್ ಮೇಲೆ ತಪ್ಪು ಹೊರಿಸಲಾಯಿತು.

ಸದ್ದು ತಲುಪದ ಕಾರಣ ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹತ್ತಿರದ ವೈಫೈ ಪೆಟ್ಟಿಗೆಗಳನ್ನು ಒಂದು, ಆರು, ಹನ್ನೊಂದು ಹೀಗೆ ಒಂದಕ್ಕೊಂದು ದೂರದ ತರಂಗಗಳ ಚಾನೆಲ್‌ಗಳಿಗೆ ಹಂಚಬೇಕು. ಇಲ್ಲವಾದರೆ ಬಸ್‌ ನಿಲ್ದಾಣದಲ್ಲಿ ಎಲ್ಲ ಕಂಡಕ್ಟರ್‌ಗಳೂ ಒಟ್ಟಿಗೆ ಲಿಂಗಸುಗೂರು, ರಾಯಚೂರು ಎಂದು ಕೂಗಿದಂತೆ, ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಇಲ್ಲಿ ಪ್ರತಿಯೊಂದು ಪೆಟ್ಟಿಗೆಯೂ ಒಂಬತ್ತನೇ ಚಾನೆಲ್‌ನಲ್ಲಿತ್ತು. ಸುತ್ತಲಿನ ಲಾಡ್ಜ್, ಮೊಬೈಲ್ ಅಂಗಡಿಗಳ ವೈಫೈ ಗದ್ದಲವೂ ಅದರ ಮೇಲೇ ಬೀಳುತ್ತಿತ್ತು. ಒಂಬತ್ತೇ ಇರಲಿ ಎಂದು ಹಟ ಹಿಡಿದವರು ಆಸ್ಪತ್ರೆಯ ಮಾಲೀಕರಾದ ಡಾಕ್ಟರು.

ನಾನು ಪರೀಕ್ಷಿಸಿದ ದಿನ ಐಸಿಯು ಖಾಲಿಯಿತ್ತು. ನಡುಮಧ್ಯಾಹ್ನ. ಹೊರಗಿನ ಗದ್ದಲವನ್ನಷ್ಟೇ ಅಳೆಯಲು ಆಸ್ಪತ್ರೆಯ ಎಲ್ಲ ಪೆಟ್ಟಿಗೆಗಳನ್ನೂ ನಾನೇ ಆಫ್ ಮಾಡಿದ್ದೆ. ಅಷ್ಟರಲ್ಲಿ ಡಾಕ್ಟರು ಬಂದರು. ಕಾರಣ ಹೇಳಿದೆ.

"ನನ್ನ ಕಾರಿಗೂ ಒಂಬತ್ತ, ಫೋನಿಗೂ ಒಂಬತ್ತ," ಎಂದು ನಕ್ಕರು. "ಇಷ್ಟು ವರ್ಷ ಕೈಹಿಡಿದ ನಂಬರು ಈಗ ಜೀವ ತಗೀತೇನಪಾ, ಇಂಜಿನಿಯರ್?"

"ಹಂಗಾದ್ರ ನಂದೇನ್ ತಪ್ಪೈತ್ರೀ, ಸಾರ್?" ಎಂದಳು ನರ್ಸ್‌ಗಳ ಮೇಜಿನ ಬಳಿ ನಿಂತಿದ್ದ ಶಾಹೀನ್.

"ಬಾಯಿ ಭಾಳ ಆಗೇತಿ, ಅದ ನಿನ್ನ ತಪ್ಪು."

ಅದೇ ಹೊತ್ತಿಗೆ ಹುಲಿಗೆಮ್ಮನ ಗಂಡ ಅಮರಪ್ಪ ಬಾಗಿಲಲ್ಲಿ ನಿಂತಿದ್ದ. ಗುರುಗುಂಟಾದಲ್ಲಿ ಪಂಕ್ಚರ್ ಅಂಗಡಿ ಅವನದು. ಐಸಿಯುಗೆ ಸೇರಿಸುವಾಗ ಬಿಚ್ಚಿಸಿದ್ದ ಹೆಂಡತಿಯ ಕಾಲುಂಗುರ ಕೇಳಲು ಬಂದಿದ್ದ. ಡಾಕ್ಟರು ಅವನತ್ತ ತಿರುಗಿ ಶಾಹೀನಳನ್ನು ಬೆರಳಿಟ್ಟು ತೋರಿಸಿದರು: "ನೋಡ್ಕೋ, ಇಕೀನ. ಮೊಬೈಲ್ ನೋಡ್ಕೊಂತ ಕುಂತಿದ್ಲು, ನಿನ್ನ ಹೆಂಡ್ತಿ ಹೋದ್ಲು."

ಆಗ ಮೇಜಿನ ಮೇಲಿನ ಕಂಪ್ಯೂಟರ್ ಕೂಗತೊಡಗಿತು.

ಪರದೆಯ ಮೇಲೆ ಹುಲಿಗೆಮ್ಮನ ಹೆಸರು. ಅದರ ಕೆಳಗೆ ನಾಡಿಯ ಹಸಿರು ಗೆರೆ ಏಳುತ್ತ ಬೀಳುತ್ತ ಓಡುತ್ತಿತ್ತು. ಆಕೆಯ ಮಾನಿಟರ್ ಬ್ಯಾಟರಿ ತೆಗೆದು, ಬೆನ್ನು ಬಿಚ್ಚಿದ ಸ್ಥಿತಿಯಲ್ಲಿ ಪಕ್ಕದ ಕೋಣೆಯಲ್ಲಿ ಬಿದ್ದಿತ್ತು. ಸ್ವಲ್ಪ ಮೊದಲಷ್ಟೇ ನಾನು ಅದನ್ನು ಕಣ್ಣಾರೆ ನೋಡಿದ್ದೆ. ಸಂಕೇತ ಬರಲು ದಾರಿಯೂ ಇರಲಿಲ್ಲ, ಕಳಿಸುವ ಯಂತ್ರವೂ ಇರಲಿಲ್ಲ.

ಅಮರಪ್ಪ ಕಿರುಚಿದ: "ಸಿಸ್ಟರ್, ಈಗರ ಓಡ್ರೀ!"

ಶಾಹೀನ್ ಓಡಿದಳು. ಗಾಜಿನ ಬಾಗಿಲು ತೆರೆದು, ಹಾಸಿಗೆಯನ್ನೂ ತೆಗೆದಿದ್ದ ಹುಲಿಗೆಮ್ಮನ ಬರಿಯ ಮಂಚದ ಮುಂದೆ ಕೈಚೆಲ್ಲಿ ನಿಂತಳು. ಗೆರೆ ಇನ್ನೂ ಓಡುತ್ತಿತ್ತು. ಅಮರಪ್ಪ ಡಾಕ್ಟರ ಕೈ ಹಿಡಿದು, ನಿಲ್ಲಿಸಬೇಡಿರೆಂದು ಬೇಡಿಕೊಳ್ಳುತ್ತಿದ್ದಂತೆಯೇ ಅವರು ಬಗ್ಗಿ ಕಂಪ್ಯೂಟರಿನ ವಯರನ್ನು ಗೋಡೆಯಿಂದ ಕಿತ್ತರು.

ಹಳೆಯ ಸದ್ದು ಕಂಪ್ಯೂಟರಿನಲ್ಲೇ ಸಿಲುಕಿ ತಡವಾಗಿ ಹೊರಬಂತೇ? ಹೊಸದಾಗಿ ಓಡುತ್ತಿದ್ದ ಗೆರೆಗೆ ಆ ವಾದ ಹೊಂದುವುದಿಲ್ಲ. ನನಗೆ ಇಂದಿಗೂ ತಿಳಿದಿಲ್ಲ. ತಿಳಿದಿದ್ದನ್ನು ಹೇಳುತ್ತೇನೆ. ಮರುದಿನ ಡಾಕ್ಟರು ಆ ಮಂಚಕ್ಕೆ ಶಾಂತಿ ಪೂಜೆ ಮಾಡಿಸಿದರು. ದೆವ್ವದ ಕಾಟವೆಂದು ಊರಿಗೆಲ್ಲ ಹೇಳಿದರು. ಸದ್ದಿಲ್ಲದೆ ಚಾನೆಲ್‌ಗಳನ್ನು ಬದಲಿಸಿದರು. ಶಾಹೀನಳನ್ನು ತೆಗೆದುಹಾಕಿದರು. ಒಂದು ಜೀವ ಹೋದದ್ದಕ್ಕೆ ಉತ್ತರ ಹೇಳಬೇಕಾದವರು ದೆವ್ವವನ್ನು ಮುಂದೆ ಮಾಡಿ ಪಾರಾದರು. ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆಂದೆ, ಯಾರೂ ಕರೆಯಲಿಲ್ಲ.

ಅಮರಪ್ಪ ಮಾತ್ರ ಆಗಾಗ ಫೋನ್ ಮಾಡುತ್ತಾನೆ. ಚಾನೆಲ್ ಬಗ್ಗೆ ಕೇಳುವುದಿಲ್ಲ. ಡಾಕ್ಟರನ್ನು ಬಯ್ಯುವುದೂ ಇಲ್ಲ. ಅವನ ಪ್ರಶ್ನೆ ಒಂದೇ: "ಅವ್ರು ವಯರ್ ಕೀಳದಿದ್ರ, ಆಕಿ ಇನ್ನಷ್ಟು ಹೊತ್ತು ಇರ್ತಿದ್ಲೇನ್ರೀ?"