ಹೆಸರು ಹೇಳಬಾರದ ಮದ್ದು

ಮದ್ದು ಕುಟ್ಟಿ ಕುಟ್ಟಿ ನನ್ನ ರಟ್ಟೆ ಬಿದ್ದುಹೋದ ವರ್ಷಗಳವು. ಎಪ್ಪತ್ತರ ದಶಕದ ಕೊನೆ. ಇಳಕಲ್ಲಿನ ನಮ್ಮ ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಮೂರೇ ಜನ. ಮಕ್ಕಳಾಗಲಿಲ್ಲವೆಂದರೆ ಮೊದಲು ಕಷಾಯ ಕುಡಿಯಬೇಕಾದವಳು ಸೊಸೆ. ಐದು ವರ್ಷ ಕಂಡಕಂಡವರು ಕೊಟ್ಟದ್ದನ್ನೆಲ್ಲ ಕುಡಿದೆ. ಯಾಕೆ ಅಂತ ಒಮ್ಮೆಯೂ ಕೇಳಲಿಲ್ಲ, ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟಿದೆ.

ಆರನೇ ವರ್ಷ ನನ್ನ ಗಂಡನ ಪಾದ ಊದಿತು. ಸೀರೆ ನೇಯುವ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ತುಳಿಯುವವರು. ಕಾಲ್ಬೆರಳಿನ ಗಾಯವೊಂದು ಮಾಯದೆ ಕೆಂಪಾಗಿ ಉರಿಯುತ್ತಿತ್ತು. ಒಬ್ಬರೇ ಬಸ್ಸು ಹತ್ತಿ ಹುನಗುಂದದ ಡಾಕ್ಟರರಿಗೆ ತೋರಿಸಿಕೊಂಡು ಬಂದರು. ಮೈಯಲ್ಲಿ ಉಷ್ಣ ಹೆಚ್ಚಾಗಿದೆಯಂತೆ ಎಂದಷ್ಟೇ ಹೇಳಿದರು. ಆಮೇಲೆ ಮಹಾಕೂಟದ ಕಡೆಯ ಮುದುಕ ವೈದ್ಯರೊಬ್ಬರಿಂದ ನೇರಳೆ ಬೀಜ, ಬೇವಿನ ತೊಗಟೆ ತಂದರು. ಬೆಳಿಗ್ಗೆ ಬರಿಹೊಟ್ಟೆಗೆ ಆ ಕಹಿ ಪುಡಿ, ಬೇವಿನ ನೀರಿನಲ್ಲಿ ಕಾಲು ತೊಳೆಯುವುದು.

ಅದೇ ತಿಂಗಳು ಅತ್ತೆ ಬಾದಾಮಿ ಕಡೆಯ ಕುರಿಗಾರರ ಅಜ್ಜನೊಬ್ಬನಿಂದ ಬೇರೆ ಮದ್ದು ತಂದರು. ಈ ಸಲ ನನಗಲ್ಲ, ಮಗನಿಗೆ. ಗಂಡಸೂ ತಗೋಬೇಕು ಎಂದು ಆ ಅಜ್ಜ ಹೇಳಿದ್ದನಂತೆ. ಅಷ್ಟು ಹೇಳಿದವನು ಅವನೊಬ್ಬನೇ. ಅಶ್ವಗಂಧದ ಬೇರನ್ನು ಕುಟ್ಟಿ, ಹಳೇ ಬೆಲ್ಲ ತುಪ್ಪದಲ್ಲಿ ಉಂಡೆ ಕಟ್ಟಿ, ಸಂಜೆ ಹಾಲಿನೊಡನೆ ಒಂದು ಮಂಡಲ ಕೊಡಬೇಕು.

ನಮ್ಮ ಕಡೆ ಗಿಡಮೂಲಿಕೆಗೆ ಒಂದು ಕಟ್ಟಳೆ. ಕೊಟ್ಟವರು ಯಾರು, ಮದ್ದು ಯಾವುದು ಎಂದು ಬಾಯಿಬಿಟ್ಟರೆ ಅದರ ಗುಣ ಹೋಗುತ್ತದೆ. ಹಾಗಾಗಿ ಒಂದೇ ಒರಳಿನಲ್ಲಿ ಎರಡನ್ನೂ ಕುಟ್ಟುತ್ತಿದ್ದ ನಾನೂ ಮಾತಾಡಲಿಲ್ಲ. ಅವರು ಬೆಳಿಗ್ಗೆ ಕಹಿ ನುಂಗಿದರು, ಸಂಜೆ ಸಿಹಿ ತಿಂದರು. ಗಾಯ ಮಾತ್ರ ಕಪ್ಪಾಗುತ್ತ ಬಂತು.

ಈ ಸಲ ಹುನಗುಂದಕ್ಕೆ ನಾನೂ ಹೋದೆ. ಸಿಹಿ ಏನಾದರೂ ತಿನ್ನುತ್ತೀರಾ ಎಂದು ಡಾಕ್ಟರು ಕೇಳಿದರೆ, ಇವರು ಗೋಡೆ ನೋಡುತ್ತ ಇಲ್ಲ ಎಂದರು. ನನಗೆ ತಡೆಯಲಾಗಲಿಲ್ಲ.

"ದಿನಾ ಬೆಲ್ಲದ ಉಂಡಿ ತಿಂತಾರ್ರಿ. ಮಕ್ಕಳಾಗ್ಲಿ ಅಂತ, ಅಶ್ವಗಂಧದ್ದು. ನಾನೇ ಕಟ್ಟಿಕೊಡ್ತೇನ್ರಿ."

ಡಾಕ್ಟರು ಇವರ ಕಡೆ ತಿರುಗಿದರು. "ಸಕ್ರಿ ಬ್ಯಾನಿ ಐತಿ, ಸಿಹಿ ಮುಟ್ಟಬ್ಯಾಡ್ರಿ ಅಂತ ಅವತ್ತೇ ಹೇಳಿದ್ದೆ. ಮಕ್ಕಳಾಗದ್ದಕ್ಕೂ ಇದೇ ಕಾರಣ ಇರಬಹುದು, ನೀವೂ ತಪಾಸ ಮಾಡಿಸ್ಕೋರಿ ಅಂತಾನೂ ಹೇಳಿದ್ದೆ."

ನಾನು ಅದನ್ನು ಕೇಳಿದ್ದು ಅದೇ ಮೊದಲು. ಉಂಡೆ ಬೇಡವೆಂದರೆ ತಾಯಿಗೆ ಕಾರಣ ಹೇಳಬೇಕಾಗುತ್ತಿತ್ತು, ಹೇಳಲಾರದೆ ತಿಂದಿದ್ದರು. ಎರಡು ಬೆರಳು ಹೋದವು, ಪಾದ ಉಳಿಯಿತು.

ಮನೆಗೆ ಬಂದ ಮೇಲೆ ಅತ್ತೆಗೆ ವಿಷಯ ತಿಳಿಯಿತು. ಪೂರ್ತಿಯಲ್ಲ, ಡಾಕ್ಟರ ಮುಂದೆ ನಾನು ಮದ್ದಿನ ಹೆಸರು ಹೇಳಿದೆನೆಂದು ಇವರು ಹೇಳಿದ್ದು ಮಾತ್ರ.

"ಮಂಡಲ ತುಂಬಾಕ ಆರೇ ದಿನ ಇತ್ತು. ನೀ ಬಾಯಿ ಬಿಟ್ಟಿ, ನನ್ನ ಮಗನ ವಂಶ ನಿಂತಿತು."

ನನ್ನ ಗಂಡ ಅಲ್ಲೇ ಮಂಚದ ಮೇಲೆ ಕೂತಿದ್ದರು. ನನಗೇ ಸಕ್ಕರೆ ಕಾಯಿಲೆ ಎಂಬ ಒಂದು ಮಾತು ಸಾಕಿತ್ತು. ಕಾಲಿನ ಪಟ್ಟಿಯನ್ನು ಸರಿ ಮಾಡಿಕೊಂಡರು, ಅಷ್ಟೇ. ನಾನೇ ಹೇಳಬಹುದಿತ್ತು, ಆದರೆ ಹೇಳಿ ಮತ್ತೆ ಅನ್ನಿಸಿಕೊಳ್ಳುವ ಶಕ್ತಿ ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ. ಎಂಬತ್ತರ ದಶಕವಿಡೀ ಓಣಿಯಲ್ಲಿ ನಾನು ಮದ್ದು ಕೆಡಿಸಿದ ಸೊಸೆ. ಆ ಪಾದವನ್ನು ದಿನಾ ಬೇವಿನ ನೀರಿನಲ್ಲಿ ತೊಳೆದು ಒರೆಸಿದವಳೂ ನಾನೇ. ಅವರು ತಲೆ ಬಗ್ಗಿಸಿ ಕಾಲು ಚಾಚುತ್ತಿದ್ದರು. ಅತ್ತೆ ಸಾಯುವವರೆಗೂ ಆ ಒಂದು ಮಾತು ಅವರ ಬಾಯಿಂದ ಬರಲಿಲ್ಲ.