ವಾರ್ಡಿನ ರಜೆ ಕೇಳಿದವರು

‘ಮೇಡಂಗೆ ಯಾವ ಯಾವ ದಿನ ರಜೆ ಇರುತ್ತೆ, ದಯವಿಟ್ಟು ತಿಳಿಸಿ.’ ಕೊನೆಯಲ್ಲಿ ಕೈಮುಗಿದ ಇಮೋಜಿ ಎರಡು. ಈ ಸಾಲಿಗೆ ನಮ್ಮ ಮಾಡೆಲ್ ಕೊಟ್ಟ ಅಂಕ ನೂರಕ್ಕೆ ನಾಲ್ಕು.

ಎರಡು ವರ್ಷಗಳ ಹಿಂದಿನ ಮಾತು. ನಾನು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಆಲ್ಬನಿಯ ಒಂದು ಸಣ್ಣ ಸಂಸ್ಥೆಯಲ್ಲಿ ಭಾಷಾ ವಿಶ್ಲೇಷಕಿ. ಸೋಶಿಯಲ್ ಮೀಡಿಯಾ ಕಂಪನಿಯೊಂದಕ್ಕೆ ಭಾರತೀಯ ಭಾಷೆಗಳ ದ್ವೇಷದ ಮಾತುಗಳನ್ನು ಪತ್ತೆ ಮಾಡಿಕೊಡುವುದು ನಮ್ಮ ಕೆಲಸ. ಮೊದಲು ಸಾವಿರಾರು ಕಾಮೆಂಟುಗಳನ್ನು ಮನುಷ್ಯರು ಓದಿ, ‘ದ್ವೇಷ’ ಅಥವಾ ‘ಸಾಧಾರಣ’ ಎಂದು ಗುರುತು ಹಾಕುತ್ತಾರೆ. ಇವರಿಗೆ ಅನೊಟೇಟರ್ ಎನ್ನುತ್ತೇವೆ. ಆ ಗುರುತುಗಳಿಂದ ಕಲಿತ ಮಾಡೆಲ್ ಹೊಸ ಕಾಮೆಂಟುಗಳಿಗೆ ಅಂಕ ಕೊಡುತ್ತದೆ. ಎಪ್ಪತ್ತು ದಾಟಿದರೆ ನಮ್ಮವರೊಬ್ಬರು ಕೂತು ನೋಡುತ್ತಾರೆ. ಹತ್ತರ ಒಳಗಿದ್ದರೆ ದೂರು ತಾನಾಗಿಯೇ ಮುಚ್ಚಿಹೋಗುತ್ತದೆ.

ಆ ಸಾಲಿನ ಬಗ್ಗೆ ಮೂರು ಸಲ ದೂರು ಬಂದು ಮೂರು ಸಲವೂ ಮುಚ್ಚಿತ್ತು. ನಾಲ್ಕನೆಯ ಸಲ ದೂರುದಾರಳು ಕನ್ನಡ ಬಲ್ಲ ಮನುಷ್ಯರ ಜೊತೆ ಮಾತಾಡಬೇಕೆಂದು ಬರೆದಿದ್ದಳು. ನನ್ನ ಮ್ಯಾನೇಜರ್ ಹೆಲೆನ್‌ಳ ಅನುಮತಿ ಪಡೆದು ಫೋನ್ ಮಾಡಿದೆ.

ಅವಳ ಹೆಸರು ಶಬಾನಾ. ವಿಜಯಪುರದ ಕಡೆಯವಳು, ಆಕ್ಲೆಂಡಿನ ಆಸ್ಪತ್ರೆಯೊಂದರ ಮೂಳೆ ವಾರ್ಡಿನಲ್ಲಿ ನರ್ಸ್. ಆಕ್ಲೆಂಡ್ ಕನ್ನಡಿಗರ ಆನ್ಲೈನ್ ಗುಂಪಿನಲ್ಲಿ ಯಾರೋ ತಮ್ಮ ತಾಯಿಯ ಮಂಡಿ ಆಪರೇಷನ್ ಬಗ್ಗೆ ಬರೆದು, ಆ ಆಸ್ಪತ್ರೆಯಲ್ಲಿ ನಮ್ಮವರು ಇದ್ದಾರೆಯೇ ಎಂದು ಕೇಳಿದ್ದರು. ತಾನಿದ್ದೇನೆ, ಚಿಂತೆ ಬೇಡ ಎಂದು ಇವಳು ಉತ್ತರ ಬರೆದಳು. ಅದರ ಕೆಳಗೆ ಇಪ್ಪತ್ತಮೂರು ಕಾಮೆಂಟುಗಳು ಬಿದ್ದವು. ಬಳಿಕ ಯಾರೋ ವಾರ್ಡಿಗೇ ಫೋನ್ ಮಾಡಿ ಅವಳ ಡ್ಯೂಟಿ ದಿನ ವಿಚಾರಿಸಿದ್ದರು. ರೋಗಿಗಳ ಕಡೆಯವರಿಗೆ ಅಸಮಾಧಾನವಿದ್ದಂತಿದೆ, ಅವಳನ್ನು ಬೇರೆ ವಾರ್ಡಿಗೆ ಹಾಕುವುದು ಒಳ್ಳೆಯದೇನೋ ಎಂದು ಆಸ್ಪತ್ರೆಯವರು ಯೋಚಿಸುತ್ತಿದ್ದರು. ಅದರ ಮೀಟಿಂಗ್ ಮುಂದಿನ ಗುರುವಾರ. ನಾನು ಮಾತಾಡಿದ್ದು ಶುಕ್ರವಾರ.

ಅವರು ಬೈದದ್ದೇನು ಎಂದು ಕೇಳಿದೆ.

“ಬೈದಿಲ್ರೀ. ಬೈದಿದ್ರ ನಿಮ್ಮ ಮಷೀನಿಗರ ತಿಳೀತಿತ್ತು. ಎಲ್ಲಾರೂ ಮೇಡಂ ಮೇಡಂ ಅಂತಾನ ಬರ್ದಾರ. ನಮ್ಮ ಮ್ಯಾನೇಜರಗ ನಾ ಏನಂತ ತೋರಸ್ಲಿ?”

ಆ ಮಧ್ಯಾಹ್ನ ಕಾಮೆಂಟುಗಳ ಇಡೀ ಸರಣಿಯನ್ನು ಮೇಲಿನಿಂದ ಓದಿದೆ. ‘ಥ್ಯಾಂಕ್ಸ್ ಮೇಡಂ, ನಾನು ಕೇಳಿದ್ದು ನಮ್ಮವರನ್ನು’ ಎಂಬಲ್ಲಿಂದ ಶುರು. ‘ಅಮ್ಮ ಮಡಿಯವರು, ಅರ್ಥ ಮಾಡಿಕೊಳ್ಳಿ.’ ‘ಹಾಗಾದರೆ ಮೇಡಂ ರಜೆ ನೋಡಿಕೊಂಡು ಆಪರೇಷನ್ ದಿನ ಇಟ್ಟುಕೊಳ್ಳಿ.’ ಆಮೇಲೆ ಆ ರಜೆಯ ಪ್ರಶ್ನೆ. ಅವಳ ಧರ್ಮದ ಹೆಸರನ್ನು ಒಬ್ಬರೂ ಎತ್ತಿರಲಿಲ್ಲ. ಎತ್ತುವ ಅಗತ್ಯವೂ ಬಿದ್ದಿರಲಿಲ್ಲ.

ಮಾಡೆಲ್ ಏಕೆ ತಪ್ಪಿತು ಎಂದು ಹುಡುಕಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅನೊಟೇಟರ್‌ಗಳಿಗೆ ಪ್ರತಿ ಕಾಮೆಂಟನ್ನೂ ಬಿಡಿಯಾಗಿ ಕೊಡಬೇಕು, ಹೆಸರು ಮತ್ತು ಅದು ಯಾವುದಕ್ಕೆ ಉತ್ತರವೋ ಆ ಮೇಲಿನ ಮಾತು ತೆಗೆದಿರಬೇಕು ಎಂಬ ನಿಯಮ ನಮ್ಮ ಕೈಪಿಡಿಯಲ್ಲಿತ್ತು. ಅದನ್ನು ಬರೆದವಳು ನಾನೇ. ಜನರ ಖಾಸಗಿ ಮಾತು ಅಪರಿಚಿತರ ಕೈಗೆ ಪೂರ್ತಿ ಸಿಗಬಾರದು ಎಂಬುದು ನನ್ನ ಸ್ವಂತ ನಿಲುವು. ಅದನ್ನೇ ನಿಯಮ ಮಾಡಿಟ್ಟಿದ್ದೆ.

ನನ್ನ ಊಹೆಯನ್ನು ಪರೀಕ್ಷಿಸಬೇಕಿತ್ತು. ಸೋಮವಾರ ರಾಮಣ್ಣ ಅಂಕಲ್ ಅವರನ್ನು ಆಫೀಸಿಗೆ ಕರೆಸಿದೆ. ಮೈಸೂರಿನ ಬ್ಯಾಂಕಿನಿಂದ ನಿವೃತ್ತರಾಗಿ ಆಕ್ಲೆಂಡಿನ ಇನ್ನೊಂದು ತುದಿಯ ಪಾಪಟೋಟೊಯಿಯಲ್ಲಿ ಮಗಳ ಹತ್ತಿರ ಇದ್ದವರು, ನಮ್ಮ ಅತ್ಯಂತ ಶ್ರದ್ಧೆಯ ಅನೊಟೇಟರ್. ಮೊದಲು ಇಪ್ಪತ್ತಮೂರನ್ನೂ ಕಲಸಿ, ಬಿಡಿಬಿಡಿಯಾಗಿ ಕೊಟ್ಟೆ. ಎಲ್ಲಕ್ಕೂ ‘ಸಾಧಾರಣ’ ಹಾಕಿದರು.

“ಇದಕ್ಕಾ ನನ್ನನ್ನ ಅಷ್ಟು ದೂರದಿಂದ ರೈಲು, ಬಸ್ಸು ಎರಡೂ ಹತ್ತಿಸಿ ಕರೆಸ್ದೆ ಮಗಳೇ? ನಮ್ಮ ಕೌಂಟರ್ ಮುಂದೆ ಇದಕ್ಕಿಂತ ಚೆನ್ನಾಗಿ ಬೈತಿದ್ರು.”

ನಂತರ ಅವೇ ಕಾಮೆಂಟುಗಳನ್ನು ಕ್ರಮವಾಗಿ, ಶಬಾನಾಳ ಉತ್ತರವನ್ನು ಮೇಲಿಟ್ಟು ಕೊಟ್ಟೆ. ಹೆಸರುಗಳು ಈಗಲೂ ಇರಲಿಲ್ಲ. ಅವಳ ಹೆಸರಿನ ಜಾಗದಲ್ಲಿ ‘ಮುಸ್ಲಿಂ ನರ್ಸ್’ ಎಂದಷ್ಟೇ ಬರೆದಿದ್ದೆ. ಅಂಕಲ್ ಓದುತ್ತಾ ಹೋದರು. ಅರ್ಧ ದಾಟಿದ ಮೇಲೆ ಬೆರಳು ಒಂದು ಸಾಲಿನ ಮೇಲೆ ನಿಂತಿತು. ‘ನಮಗೂ ತಿಳಿಸಿ’ ಎಂದಿತ್ತು ಅಲ್ಲಿ.

“ಈ ಹದಿನೇಳನೇದು ನಂದಮ್ಮ,” ಅಂದರು.

ಹೆಂಡತಿಗೂ ಮಂಡಿ ನೋವು, ಕನ್ನಡದ ನರ್ಸ್ ಯಾವಾಗ ಸಿಗುತ್ತಾರೆ ಎಂದು ಎಲ್ಲರೂ ಕೇಳುತ್ತಿದ್ದಾರೆ ಅಂದುಕೊಂಡು ಹಾಕಿದರಂತೆ. ಮೇಲಕ್ಕೆ ಹೋಗಿ ಓದಿರಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆಯಮ್ಮ ಇದನ್ನ ಓದೋವಾಗ ನಾನೂ ಅವರ ಜೊತೆಗೇ ತಾನೆ? ನಂದನ್ನ ಬಿಡಬೇಡ. ಸೇರಿಸಿಯೇ ಬರಿ.”

ಅವರೇ ಒಂದು ಕಾಮೆಂಟ್ ಹಾಕಿದ್ದರಿಂದ ಅವರ ಗುರುತುಗಳನ್ನು ಸಾಕ್ಷಿಯಾಗಿ ಬಳಸುವಂತಿರಲಿಲ್ಲ. ಅದೇ ಪರೀಕ್ಷೆಯನ್ನು ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿದ್ದ ಇನ್ನೊಬ್ಬ ಅನೊಟೇಟರ್‌ಗೆ ಕಳಿಸಿದೆ. ಬಿಡಿಯಾಗಿ ಕೊಟ್ಟಾಗ ಅವರೂ ಎಲ್ಲವನ್ನೂ ‘ಸಾಧಾರಣ’ ಎಂದರು. ಕ್ರಮವಾಗಿ ಕೊಟ್ಟಾಗ ಹತ್ತೊಂಬತ್ತಕ್ಕೆ ‘ದ್ವೇಷ’ ಹಾಕಿದರು.

ಮಂಗಳವಾರ ಎರಡು ಪುಟದ ವರದಿ ಸಿದ್ಧವಾಯಿತು. ಒಂದೊಂದೇ ನೋಡಿದರೆ ಇಲ್ಲಿ ಯಾವುದೂ ನಿಯಮ ಮೀರಿಲ್ಲ, ಒಟ್ಟಾಗಿ ನೋಡಿದರೆ ಧರ್ಮದ ಕಾರಣಕ್ಕೆ ಒಬ್ಬಳನ್ನು ಅವಳ ಕೆಲಸದ ಜಾಗದಿಂದ ಹೊರಗಿಡುವ ಪ್ರಯತ್ನ ಎಂದು ಬರೆದಿದ್ದೆ. ಹೆಲೆನ್ ಎರಡು ಸಲ ಓದಿದಳು. ನಮ್ಮ ಕೈಪಿಡಿಯೇ ತಪ್ಪೆಂದು ಗ್ರಾಹಕರಿಗೆ ನಾವೇ ಹೇಳಬೇಕೇ ಎಂದು ಅಳುಕಿದಳು. ನಿಯಮ ನನ್ನದೆಂದು ಮೊದಲ ಸಾಲಿನಲ್ಲೇ ಹಾಕಿ ಅಂದೆ. ಅವಳು ಆ ಸಾಲು ಸೇರಿಸಿ ಕಳಿಸಿದಳು.

ಬುಧವಾರ ಸಂಜೆಯೊಳಗೆ ಕಂಪನಿಯವರು ಆ ಇಡೀ ಸರಣಿಯನ್ನು ತೆಗೆದುಹಾಕಿ, ಕಾರಣ ವಿವರಿಸಿದ ಪತ್ರವನ್ನು ಶಬಾನಾಳಿಗೆ ಕಳಿಸಿದರು. ಅವಳು ಅದನ್ನೇ ಮೀಟಿಂಗಿಗೆ ಒಯ್ದಳು. ಗುರುವಾರ ಮಧ್ಯಾಹ್ನ ಅವಳ ಫೋನ್ ಬಂತು.

“ವಾರ್ಡ್ ಬದ್ಲಿ ಇಲ್ಲಂತ್ರೀ. ಇನ್ನ ಯಾರರ ಫೋನ್ ಮಾಡಿದ್ರ ವಾರ್ಡ್ ನೋಡ್ಕೊಳ್ಳೋ ನಮ್ಮ ಚಾರ್ಜ್ ನರ್ಸ ಮಾತಾಡ್ತಾರಂತ. ಆಕಿ ಮಾತಾಡಿದ್ರ ಮುಗೀತ್ರೀ, ಡಾಕ್ಟರೂ ಹೆದರ್ತಾರ.” ಮೊದಲ ಸಲ ಅವಳು ನಕ್ಕದ್ದು ಕೇಳಿದೆ. ಅಂಕಲ್ ಅವಳಿಗೆ ಬರೆದುಕೊಟ್ಟ ಕ್ಷಮೆಯ ಪತ್ರ ನನ್ನ ಬಳಿ ಇತ್ತು. ಬೇಕೇ ಎಂದು ಕೇಳಿದೆ. ಕಳಿಸಿ, ಓದುವುದು ಯಾವಾಗ ಎಂದು ತಾನು ನೋಡಿಕೊಳ್ಳುತ್ತೇನೆ ಎಂದಳು.

ಒಂದು ಮಾತು ಯಾರ ಕಡೆ ಹೊರಟಿದೆ ಎಂದು ಕೇಳದೆ ಅದಕ್ಕೆ ಅಂಕ ಕೊಡಬಾರದು. ಇದು ಈ ಪ್ರಕರಣ ನನಗೆ ಕಲಿಸಿದ್ದು. ಹೆಸರುಗಳನ್ನು ಮುಚ್ಚಿಟ್ಟೂ ಮಾತಿನ ದಿಕ್ಕನ್ನು ಉಳಿಸಿಕೊಳ್ಳಬಹುದು. ಈಗ ನಮ್ಮ ಕೈಪಿಡಿಯಲ್ಲಿ ಹಾಗೆಯೇ ಇದೆ.

ಶಬಾನಾಳ ಫೋನ್ ಬಂದ ಮರುದಿನ ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೋಗಿ, ನನ್ನ ನಿಯಮದ ಪ್ರಕಾರ ಮುಚ್ಚಿಹೋಗಿದ್ದ ಕನ್ನಡದ ದೂರುಗಳ ಪಟ್ಟಿ ತೆಗೆದೆ. ನೂರಕ್ಕೂ ಹೆಚ್ಚಿದ್ದವು. ಮೊದಲನೆಯದನ್ನು ತೆರೆದು, ಅದರ ಮೇಲಿದ್ದ ಮಾತಿನಿಂದ ಓದಲು ಶುರು ಮಾಡಿದೆ.