ಲಿಯಾವ್ ಮಾವನ ಕೊಳಕ್ಕೆ ಯೂ-ತ್ಸಾಯ್ ಕಾವಲು

ಬೆಳಕು ಹರಿಯುವ ಹೊತ್ತು. ಚಿಗು ಊರಿನ ಹೂಮೀನು ಕೊಳದ ಬದುವಿನ ಮೇಲೆ ಮೆಕ್ಯಾನಿಕ್ ಮಹಿಳೆ ಚುವಾಂಗ್ ಯೂ-ತ್ಸಾಯ್, ನನ್ನನ್ನು ಹಿಂದೆ ಕೂರಿಸಿಕೊಂಡು ಬಂದ ಸ್ಕೂಟರನ್ನು ನಿಲ್ಲಿಸುತ್ತಾರೆ. ವಾರದಿಂದ ಮೋಡ ಕವಿದಿದೆ. ನೀರಿನಲ್ಲಿ ಮೀನಿಗೆ ಉಸಿರು ಸಾಲದಾಗುವುದು ಈ ಹೊತ್ತಿನಲ್ಲೇ. ಆದರೆ ಅವರ ಕಣ್ಣು ಮೊದಲು ಹೋಗುವುದು ಬದುವಿನ ಪ್ಲಾಸ್ಟಿಕ್ ಕುರ್ಚಿಯತ್ತ. ದಿನವೂ ಫ್ಲಾಸ್ಕ್ ಹಿಡಿದು ಅಲ್ಲಿ ಕೂತಿರುವ, ಕೊಳದ ಒಡೆಯ ಲಿಯಾವ್ ಮಾವ ಇವತ್ತಿಲ್ಲ.

"ಅಯ್ಯೋ, ಮತ್ತೆ ಏನಾಯ್ತಪ್ಪಾ!" ಎನ್ನುತ್ತಾ ಅವರು ಕೊಳದತ್ತ ಓಡುತ್ತಾರೆ.

ಆ 'ಮತ್ತೆ'ಗೊಂದು ಕಥೆಯಿದೆ. ಕೊಳದ ನೀರಿಗೆ ಗಾಳಿ ಬೆರೆಸುವ ಚಕ್ರಗಳ ಮೋಟಾರು ರಿಪೇರಿ ಯೂ-ತ್ಸಾಯ್ ಅವರಿಗೆ ಅಪ್ಪನಿಂದ ಬಂದ ಕಸುಬು. ಮಗಳು ಶಾಲೆಯಿಂದ ತಂದ ಎಲೆಕ್ಟ್ರಾನಿಕ್ಸ್ ಕಲಿಯುವ ನೀಲಿ ಸರ್ಕ್ಯೂಟ್ ಬೋರ್ಡು ಅವರ ತಲೆಗೆ ಹುಳ ಬಿಟ್ಟಿತು. ನೀರಿನ ಉಸಿರು ಇಳಿದರೆ ತಾನೇ ಚಕ್ರ ತಿರುಗಿಸುವ, ಚಕ್ರ ತಿರುಗದಿದ್ದರೆ ಗಂಟೆ ಬಾರಿಸುವ ಪೆಟ್ಟಿಗೆಯೊಂದನ್ನು ಆ ಬೋರ್ಡಿನಿಂದ ಕಟ್ಟಿ ಲಿಯಾವ್ ಮಾವನ ಕೊಳದ ಬಳಿ ಇಟ್ಟರು. ಕರೆಂಟು ಹೋದರೂ ಎಚ್ಚರವಿರಲಿ ಎಂದು ಬಿಸಿಲಿನಿಂದ ತುಂಬುವ ಬ್ಯಾಟರಿ ಇಟ್ಟರು. ಹೋದ ಚಳಿಗಾಲ ಸೂರ್ಯ ಮುಖ ತೋರಿಸದ ಒಂದು ವಾರ ಬ್ಯಾಟರಿ ಖಾಲಿಯಾಗಿ, ಒಂದು ರಾತ್ರಿ ಚಕ್ರವೂ ತಿರುಗಲಿಲ್ಲ, ಗಂಟೆಯೂ ಬಾರಿಸಲಿಲ್ಲ. ಬೆಳಗಾಗುವಷ್ಟರಲ್ಲಿ ಮಾವನ ಕೊಳದ ತುಂಬ ಮೀನಿನ ಬಿಳಿ ಹೊಟ್ಟೆಗಳು ತೇಲುತ್ತಿದ್ದವು.

"ಬೋರ್ಡನ್ನ ಬೈಯ್ಬಾರ್ದು, ಅದು ಮಕ್ಕಳು ಕಲಿಯೋಕೆ ಇರೋದು" ಎನ್ನುತ್ತಾರೆ ಯೂ-ತ್ಸಾಯ್. "ಅದ್ರಲ್ಲಿ ಸುಮ್ನೆ ಉರಿಯೋ ದೀಪ ಒಂದು, ಕಂಪ್ಯೂಟರ್ ಜೊತೆ ಹರಟೆಗೆ ಇನ್ನೊಂದು ಚಿಪ್. ದುಡಿಯೋನು ಒಬ್ಬ, ಕೂತು ಉಣ್ಣೋರೇ ಜಾಸ್ತಿ. ಬ್ಯಾಟರಿ ಪಾಪ ಎಲ್ಲಿಂದ ತರತ್ತೆ?"

ಕೂತು ಉಣ್ಣುವವರನ್ನೆಲ್ಲ ಮನೆಗೆ ಕಳಿಸಿ, ದುಡಿಯುವ ಚಿಪ್ ಒಂದನ್ನೇ ಉಳಿಸಿಕೊಂಡರು. ಕಷ್ಟ ಶುರುವಾದದ್ದೇ ಅಲ್ಲಿ. ಅದರ ಪುಟ್ಟ ಲೋಹದ ಕಾಲುಗಳಲ್ಲಿ ಯಾವುದು ಕೇಳಬೇಕು, ಯಾವುದು ಹೇಳಬೇಕು, ಎಷ್ಟು ಹೊತ್ತು ಮಲಗಿ ಯಾವಾಗ ಏಳಬೇಕು ಎಂಬ ಪ್ರೋಗ್ರಾಮನ್ನೆಲ್ಲ ತಾವೇ ಬರೆಯಬೇಕಾಯಿತು. ಮೊದಲ ಚಿಪ್‌ಗಳು ಏನು ಮಾಡಿದರೂ ತುಟಿ ಪಿಟಕ್ಕೆನ್ನಲಿಲ್ಲ. ಸತ್ತವೆಂದು ಡಬ್ಬಿಗೆ ಎಸೆದೂಬಿಟ್ಟರು.

"ಹೊರಗಿನ ತಾಳ ಕೇಳಿ ಕುಣಿ ಅಂತ ನಾನೇ ಬರೆದುಬಿಟ್ಟಿದ್ದೆ. ತಾಳ ಹಾಕೋರೇ ಇಲ್ಲ! ಪಾಪ, ಕಾಯ್ತಾ ಕೂತಿದ್ವು" ಎಂದು ಅವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಗಡಿಯಾರದಂತೆ ಮಿಡಿದು ಚಿಪ್‌ಗೆ ತಾಳ ಕೊಡುವ ಹರಳೊಂದನ್ನು ಬೆಸೆದದ್ದೇ ತಡ, ಸತ್ತವೆಲ್ಲ ಎದ್ದು ಕೂತವು. ಮೋಟಾರಿನ ಗ್ರೀಸು ಮೆತ್ತಿದ ಕೈಯಲ್ಲಿ ಇಷ್ಟನ್ನು ಕಲಿತ ಹಠ ಕಂಡರೆ ನಿಜಕ್ಕೂ ಹೆಮ್ಮೆಯಾಗುತ್ತದೆ.

ಲಿಯಾವ್ ಮಾವ ಮಾತ್ರ ಕರಗಲಿಲ್ಲ. "ನೋಡಮ್ಮ, ಒಂದ್ಸಲ ಕೈ ಸುಟ್ಕೊಂಡಿದೀನಿ. ಬೇಕಾದ್ರೆ ಹೊಸ ಪೆಟ್ಟಿಗೆ ಇಡು, ಆದ್ರೆ ನಾನೂ ಕಾಯ್ತೀನಿ. ಅದ್ರ ಮೇಲೆ ಪೊಟ್ಟಣ ಅಂತೂ ಇಡಲ್ಲ" ಎಂದರು.

ಯಂತ್ರ ಮೊಂಡಾಟ ಮಾಡದಿರಲಿ ಎಂದು ಅದರ ಮೇಲೆ ಕೊಬ್ಬರಿ ತಿಂಡಿಯ ಹಸಿರು ಪೊಟ್ಟಣ ಇಡುವುದು ಇಲ್ಲಿನ ರೂಢಿ. ಹಳದಿ ಪೊಟ್ಟಣ ಆಗದು, ತಾರೀಖು ಮೀರಿದ್ದೂ ಆಗದು. ತನ್ನದು ಅನಿಸಿದ ಯಂತ್ರಕ್ಕಷ್ಟೇ ಆ ಮರ್ಯಾದೆ. ಅಂದಿನಿಂದ ಪೆಟ್ಟಿಗೆಯ ತಲೆ ಬೋಳಾಗಿಯೇ ಇತ್ತು.

ಇವತ್ತು ಏದುಸಿರು ಬಿಡುತ್ತಾ ಬಂದ ಯೂ-ತ್ಸಾಯ್ ಕೊಳದ ಅಂಚಿನಲ್ಲಿ ನಿಂತುಬಿಡುತ್ತಾರೆ. ಚಕ್ರ ನೀರು ಚಿಮ್ಮಿಸುತ್ತಿದೆ, ಮೀನುಗಳು ಪುಳಕ್ಕನೆ ಹಾರುತ್ತಿವೆ. ಪೆಟ್ಟಿಗೆಯ ನೆತ್ತಿಯ ಮೇಲೆ ಹಸಿರು ಪೊಟ್ಟಣವೊಂದನ್ನು ದಾರದಿಂದ ಬಿಗಿಯಲಾಗಿದೆ. ಅವರು ಅದರ ಬೆನ್ನು ತಿರುಗಿಸಿ ತಾರೀಖು ನೋಡುತ್ತಾರೆ. ಹೊಚ್ಚ ಹೊಸದು.

ಶೆಡ್ಡಿನೊಳಗಿಂದ ಗೊರಕೆ ಕೇಳಿಸುತ್ತದೆ. ಯೂ-ತ್ಸಾಯ್ ಕಣ್ಣೊರೆಸಿಕೊಂಡು, ಸ್ಕೂಟರನ್ನು ಚಾಲೂ ಮಾಡದೆ ತಳ್ಳಿಕೊಂಡೇ ಹೊರಡುತ್ತಾರೆ.

"ಮೆಲ್ಲಗೆ ಬನ್ನಿ" ಎನ್ನುತ್ತಾರೆ ನನಗೆ. "ಮಾವ ಮಲಗಿದಾರೆ."